ಮೋಟಾರು ಸೈಕಲ್ಲಿನ ಆರೈಕೆ: ಮನೆಯಂಗಳದಲ್ಲಿ ಎಷ್ಟು, ಷೋರೂಮಿನಲ್ಲಿ ಎಷ್ಟು?

ಪಾಲಕರ ಸಭೆಯ ದಿನ ನಮ್ಮ ಶಾಲೆಯ ಅಂಗಳದಲ್ಲಿ ನಿಂತಿರುವ ಮೋಟಾರು ಸೈಕಲ್ಲುಗಳನ್ನು ಎಣಿಸಲು ಹೊರಟು ನಾವು ಒಮ್ಮೆ ನಡುವೆಯೇ ಲೆಕ್ಕ ತಪ್ಪಿದ್ದುಂಟು. ಎಡನೀರಿನ ಸುತ್ತಣ ಮನೆಗಳಲ್ಲಿ ಇಂದು ಹಟ್ಟಿಯಲ್ಲಿ ಹಸುವಿಲ್ಲದಿರಬಹುದು, ಅಂಗಳದ ಮೂಲೆಯಲ್ಲಿ ಮೋಟಾರು ಸೈಕಲ್ಲು ಇಲ್ಲದಿರುವುದು ಅಪೂರ್ವ. ಹಾಲಿನ ಕ್ಯಾನು, ಅಡಿಕೆಯ ಗೋಣಿ, ಹಿಂಡಿಯ ಚೀಲ, ಶಾಲೆಗೆ ತಡವಾದ ಮಗು, ಜ್ವರ ಬಂದ ಅಜ್ಜಿ, ಎಲ್ಲರೂ ಎಲ್ಲವೂ ಏರುವುದು ಅದರ ಬೆನ್ನನ್ನೇ. ಹೀಗಿದ್ದೂ ಹಸುವಿಗೆ ತೋರುವ ಆರೈಕೆಯ ಕಾಲುಭಾಗವನ್ನಾದರೂ ಅದಕ್ಕೆ ನಾವು ತೋರುವುದಿಲ್ಲ. ಹಸುವಾದರೆ ಮೇವು ಬಿಡುತ್ತದೆ, ಕೂಗುತ್ತದೆ. ಯಂತ್ರವು ಮೌನವಾಗಿ ಸವೆಯುತ್ತದೆ. ಅದು ಕೂಗುವ ಹೊತ್ತಿಗೆ ಕೈ ಮೀರಿರುತ್ತದೆ.

ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ ಒಟ್ಟಿಗೆ ಉಪಯೋಗವಾಗಬಹುದೆಂಬ ಆಶೆಯಿಂದ ಈ ಪಾಠವನ್ನು ಬರೆಯುತ್ತಿದ್ದೇವೆ. ಆರಂಭದಲ್ಲಿಯೇ ಒಂದು ಮಾತನ್ನು ಖಂಡಿತವಾಗಿ ಹೇಳಿಬಿಡಬೇಕು. ವಿದ್ಯಾರ್ಥಿಗಳು ವಾಹನವನ್ನು ತೊಳೆಯಬಹುದು, ಒರಸಬಹುದು, ಎಣ್ಣೆ ಹಾಕಬಹುದು, ತಂದೆಗೆ ಸ್ಪ್ಯಾನರ್ ಎತ್ತಿಕೊಡಬಹುದು, ಓಡಿಸತಕ್ಕದ್ದಲ್ಲ. ಗೇರಿರುವ ವಾಹನಕ್ಕೆ ಹದಿನೆಂಟು ವರ್ಷ ತುಂಬಿರಲೇಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಕನು ವಾಹನ ಓಡಿಸಿ ಅಪರಾಧವಾದರೆ ಅವನ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡವೂ ಮೂರು ವರ್ಷಗಳವರೆಗೆ ಸೆರೆವಾಸವೂ ಆಗಬಹುದು. ಈ ವಾಕ್ಯವನ್ನು ಪಾಲಕರು ಇನ್ನೊಮ್ಮೆ ಓದಬೇಕೆಂದು ವಿನಂತಿ.

ನಮ್ಮ ಹಿರಿಯರ ಕಾಲದಲ್ಲಿ ಮೋಟಾರು ಸೈಕಲ್ಲನ್ನು ಕೊಂಡವನು ಅರ್ಧ ಮೆಕ್ಯಾನಿಕನೂ ಆಗಬೇಕಾಗಿತ್ತು. ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯು 1960ರಲ್ಲಿ ಸ್ಥಾಪನೆಯಾಗಿ, ಮರುವರ್ಷದಿಂದ ಜಾವಾ ವಾಹನಗಳನ್ನೂ, ಮುಂದೆ ಯೆಜ್ಡಿ ಎಂಬ ಹೆಸರಿನವುಗಳನ್ನೂ ತಯಾರಿಸಿತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಗೇರು ಹಾಕುವ ಕೋಲೇ ಎಂಜಿನನ್ನು ಚಾಲೂ ಮಾಡುವ ಕೋಲೂ ಆಗಿದ್ದುದು ಅವುಗಳ ವಿಶೇಷ. ಅವು ಎರಡು ಹೊಡೆತದ ಎಂಜಿನುಗಳು. ಪೆಟ್ರೋಲಿಗೆ ಅಳತೆ ತಪ್ಪದಂತೆ ಎಣ್ಣೆ ಬೆರೆಸಬೇಕು. ಬೆರೆತ ಎಣ್ಣೆಯೂ ಉರಿದು ಹೋಗುವುದರಿಂದ ಸೈಲೆನ್ಸರಿನಲ್ಲಿಯೂ ಸಿಲಿಂಡರಿನ ತಲೆಯಲ್ಲಿಯೂ ಮಸಿ ಕಟ್ಟುತ್ತದೆ. ಆಗಾಗ ಬಿಚ್ಚಿ ಕೆರೆದು ತೆಗೆಯಬೇಕು. ಆ ಮಸಿಯಲ್ಲಿ ಕೈ ಕಪ್ಪು ಮಾಡಿಕೊಳ್ಳದೆ ಯೆಜ್ಡಿ ಓಡಿಸಿದವರು ಕಡಮೆ. 1985ರಲ್ಲಿ ಹೀರೋ ಹೋಂಡಾ ಕಂಪನಿಯ ನಾಲ್ಕು ಹೊಡೆತದ ಸಿ.ಡಿ. 100 ವಾಹನ ಬಂದಿತು. ಪೆಟ್ರೋಲು ತುಂಬಿಸಿರಿ, ಮುಚ್ಚಳ ಹಾಕಿರಿ, ಮರೆತುಬಿಡಿರಿ ಎಂಬ ಅರ್ಥದ ಜಾಹೀರಾತು ಅದರದು. ಪೆಟ್ರೋಲನ್ನು ಮರೆಯಿರಿ ಎಂದರೆ, ಜನರು ವಾಹನವನ್ನೇ ಮರೆತುಬಿಟ್ಟರು ಎಂದು ನಮಗೆ ಎಷ್ಟೋ ಸಲ ಅನ್ನಿಸಿದೆ.

ಮರೆಯಬಾರದವುಗಳಲ್ಲಿ ಮೊದಲನೆಯದು ಎಂಜಿನಿನ ಎಣ್ಣೆ. ಸಾಧಾರಣ ಮೋಟಾರು ಸೈಕಲ್ಲಿನಲ್ಲಿ ಒಂದು ಲೀಟರಿನಷ್ಟೋ ಅದಕ್ಕಿಂತ ಸ್ವಲ್ಪ ಹೆಚ್ಚೋ ಕಡಮೆಯೋ ಇರುವ ಈ ಎಣ್ಣೆ ಮೂರು ಮನೆಯ ಚಾಕರಿ ಮಾಡುತ್ತದೆ. ಪಿಸ್ಟನು ಜಾರುವಂತೆ ಮಾಡಬೇಕು, ಗೇರಿನ ಹಲ್ಲುಗಳನ್ನು ಕಾಯಬೇಕು, ಕ್ಲಚ್ಚಿನ ತಟ್ಟೆಗಳೂ ಅದರಲ್ಲಿಯೇ ಮುಳುಗಿರುತ್ತವೆ. ಕಾರಿನಲ್ಲಿ ಹಾಗಲ್ಲ, ಅಲ್ಲಿ ಕ್ಲಚ್ಚು ಸಾಮಾನ್ಯವಾಗಿ ಒಣಗಿದ ಸ್ಥಳದಲ್ಲಿರುತ್ತದೆ. ಕಾರಿಗೆಂದು ಮಾಡಿದ ಕೆಲವು ಎಣ್ಣೆಗಳಲ್ಲಿ ಘರ್ಷಣೆಯನ್ನು ಬಹಳವಾಗಿ ತಗ್ಗಿಸುವ ವಸ್ತುಗಳಿರುತ್ತವೆ. ಅದನ್ನು ಮೋಟಾರು ಸೈಕಲ್ಲಿಗೆ ಹೊಯ್ದರೆ ಕ್ಲಚ್ಚಿನ ತಟ್ಟೆಗಳು ಒಂದನ್ನೊಂದು ಹಿಡಿಯದೆ ಜಾರುತ್ತವೆ. ಎಂಜಿನು ಗರ್ಜಿಸುತ್ತದೆ, ವಾಹನ ಏರು ಹತ್ತುವುದಿಲ್ಲ. ನಮ್ಮ ಊರಿನ ಒಬ್ಬ ಪಾಲಕರು, "ಮಾಸ್ಟ್ರೇ, ಕಾರಿನ ಎಣ್ಣೆಗೆ ಕ್ರಯ ಹೆಚ್ಚು, ಹಾಗಾದರೆ ಅದು ಉತ್ತಮವೇ ಅಲ್ಲವೇ?" ಎಂದು ಕೇಳಿದ್ದರು. ಕ್ರಯವನ್ನಲ್ಲ, ಡಬ್ಬಿಯ ಹಿಂಭಾಗವನ್ನು ನೋಡಬೇಕು. ಜಾಸೋ ಎಂಬ ಜಪಾನೀ ಮಾನದಂಡದ ಎಂ.ಎ. ಅಥವಾ ಎಂ.ಎ.2 ಎಂಬ ಗುರುತು ಇದ್ದರೆ ಅದು ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ತಕ್ಕುದು. ಎಂ.ಬಿ. ಎಂಬ ಗುರುತಿನದು ಸಾಮಾನ್ಯವಾಗಿ ಗೇರಿಲ್ಲದ ಸ್ಕೂಟರುಗಳಿಗೆ.

ಡಬ್ಬಿಯ ಮೇಲೆ 10ಡಬ್ಲ್ಯು-30 ಎಂದೋ 20ಡಬ್ಲ್ಯು-40 ಎಂದೋ ಇರುವುದನ್ನು ವಿದ್ಯಾರ್ಥಿಗಳು ನೋಡಿರಬಹುದು. ಜೇನುತುಪ್ಪವನ್ನು ಬಿಸಿ ಮಾಡಿದರೆ ತೆಳ್ಳಗಾಗುವುದಷ್ಟೆ? ಎಣ್ಣೆಯೂ ಹಾಗೆಯೇ. ಡಬ್ಲ್ಯು ಎಂಬುದು ಚಳಿಗಾಲದ ಗುರುತು. ಅದರ ಹಿಂದಿನ ಅಂಕೆ ತಣ್ಣಗಿರುವಾಗ ಎಣ್ಣೆ ಎಷ್ಟು ಸಲೀಸಾಗಿ ಹರಿಯುವುದೆಂಬುದನ್ನೂ, ಮುಂದಿನ ಅಂಕೆ 100 ಡಿಗ್ರಿ ಸೆಲ್ಸಿಯಸಿನಲ್ಲಿ ಅದರ ದಪ್ಪವೆಷ್ಟು ಉಳಿಯುವುದೆಂಬುದನ್ನೂ ಸೂಚಿಸುತ್ತವೆ. ದಪ್ಪ ಎಣ್ಣೆಯೇ ಗಟ್ಟಿ ಎಣ್ಣೆ, ಅದೇ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಸರಿಯಲ್ಲ. ತೆಳ್ಳಗಿನ ಎಣ್ಣೆಗೆಂದು ರಚಿಸಿದ ಎಂಜಿನಿನ ಸಂದುಗಳಿಗೆ ದಪ್ಪ ಎಣ್ಣೆ ಬೆಳಗಿನ ತಂಪಿನಲ್ಲಿ ಬೇಗನೆ ತಲಪುವುದಿಲ್ಲ. ಎಂಜಿನು ಹೆಚ್ಚು ಸವೆಯುವುದು ಆ ಮೊದಲ ಗಳಿಗೆಯಲ್ಲಿಯೇ.

ಎಣ್ಣೆಯ ಮಟ್ಟ ನೋಡುವುದು ಐದು ನಿಮಿಷದ ಕೆಲಸ. ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಡುವಣ ಸ್ಟ್ಯಾಂಡಿನ ಮೇಲೆ ನೇರವಾಗಿ ನಿಲ್ಲಿಸಿ, ಎಂಜಿನನ್ನು ಕೆಲವು ನಿಮಿಷ ಓಡಿಸಿ, ನಿಲ್ಲಿಸಿ, ಎರಡು ಮೂರು ನಿಮಿಷ ತಾಳಬೇಕು. ಬಳಿಕ ಅಳತೆಯ ಕಡ್ಡಿಯನ್ನು ತೆಗೆದು ಒರಸಿ ಮತ್ತೆ ಇಳಿಸಿ ನೋಡಬೇಕು. ಹಲವು ವಾಹನಗಳಲ್ಲಿ ಈ ಕಡ್ಡಿಯನ್ನು ತಿರುಪಿ ಬಿಗಿಯದೆ ಹಾಗೆಯೇ ಇಟ್ಟು ನೋಡತಕ್ಕದ್ದು. ಬಿಗಿದು ನೋಡಿದರೆ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಎಣ್ಣೆ ಕಪ್ಪಾದ ಮಾತ್ರಕ್ಕೆ ಗಾಬರಿ ಬೇಡ, ಮಸಿಯನ್ನು ತನ್ನಲ್ಲಿ ಹಿಡಿದಿಡುವುದು ಅದರ ಕೆಲಸ. ಆದರೆ ಹಾಲು ಬೆರೆಸಿದ ಚಹಾದ ಬಣ್ಣ ಬಂದಿದ್ದರೆ ನೀರು ಸೇರಿದೆ ಎಂದೇ ತಿಳಿಯಬೇಕು. ಮಳೆಗಾಲದಲ್ಲಿ ಮಧುವಾಹಿನಿ ತುಂಬಿ ತಗ್ಗಿನ ದಾರಿಗಳಲ್ಲಿ ನೀರು ನಿಂತಾಗ ಸೈಲೆನ್ಸರ್ ಮುಳುಗುವಷ್ಟು ಆಳದಲ್ಲಿ ವಾಹನ ನಿಂತುಹೋದರೆ ಅದನ್ನು ಮತ್ತೆ ಚಾಲೂ ಮಾಡಲು ಯತ್ನಿಸಬಾರದು. ನೂಕಿಕೊಂಡು ಹೋಗುವುದೇ ಕ್ಷೇಮ.

ಎಷ್ಟು ದಿನಕ್ಕೊಮ್ಮೆ ಎಣ್ಣೆ ಬದಲಿಸಬೇಕು? ಇದಕ್ಕೆ ಉತ್ತರ ಆಯಾ ವಾಹನದ ಕೈಪಿಡಿಯಲ್ಲಿದೆ. ಹೊಸ ವಾಹನಕ್ಕೆ ಮೊದಲ ಸರ್ವಿಸು 500ರಿಂದ 1,000 ಕಿಲೋಮೀಟರಿನೊಳಗೆ ಬರುವುದು ವಾಡಿಕೆ, ಏಕೆಂದರೆ ಹೊಸ ಭಾಗಗಳು ಒಂದಕ್ಕೊಂದು ಉಜ್ಜಿಕೊಂಡು ಬಿಟ್ಟ ಲೋಹದ ಪುಡಿ ಆ ಎಣ್ಣೆಯಲ್ಲಿರುತ್ತದೆ. ಅನಂತರದ ಅಂತರ ಒಂದೊಂದು ವಾಹನಕ್ಕೆ ಒಂದೊಂದು. ಉದಾಹರಣೆಗೆ 3,000 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ದಿನಕ್ಕೆ ಹೋಗಿ ಬರುವ ದಾರಿ 24 ಕಿಲೋಮೀಟರ್, ತಿಂಗಳಿಗೆ 25 ದಿನ. ಐದು ತಿಂಗಳಿಗೆ ಆ ಅಂತರ ಮುಗಿಯಿತು. ಹಾಗಾದರೆ ದಿನಕ್ಕೆ ಎರಡೇ ಕಿಲೋಮೀಟರ್ ಓಡುವ ವಾಹನಕ್ಕೆ ಐದು ವರ್ಷ ಬೇಕೇ ಎಂದು ಬುದ್ಧಿವಂತ ವಿದ್ಯಾರ್ಥಿಯು ಕೇಳಬಹುದು. ಬೇಡ. ಚಿಕ್ಕ ಓಟದಲ್ಲಿ ಎಂಜಿನು ಪೂರ್ತಿ ಬಿಸಿಯಾಗುವುದಿಲ್ಲ. ಉರಿದ ಪೆಟ್ರೋಲಿನಿಂದ ಹುಟ್ಟಿದ ನೀರಿನ ಹಬೆ ಹೊರಗೆ ಹೋಗದೆ ಎಣ್ಣೆಯಲ್ಲಿಯೇ ಇಂಗುತ್ತದೆ. ಆದುದರಿಂದಲೇ ಕೈಪಿಡಿಗಳಲ್ಲಿ ದೂರ ಹಾಗೂ ತಿಂಗಳು ಎರಡನ್ನೂ ಕೊಟ್ಟು, ಯಾವುದು ಮೊದಲು ಬರುವುದೋ ಅದು ಎಂದಿರುತ್ತದೆ.

ಇನ್ನು ಚೈನು. ನಮ್ಮ ಕೆಂಪು ಮಣ್ಣಿಗೂ ಚೈನಿಗೂ ಹುಟ್ಟುಹಗೆತನ. ಎಣ್ಣೆಯ ಜಿಡ್ಡಿನೊಡನೆ ಮುರಕಲ್ಲಿನ ಹುಡಿ ಬೆರೆತರೆ ಆದದ್ದು ಅರೆಯುವ ಮಸಾಲೆಯೇ ಹೊರತು ಬೇರೆಯಲ್ಲ. ಸುಮಾರು 500 ಕಿಲೋಮೀಟರಿಗೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ, ಮೆತ್ತಗಿನ ಬ್ರಷ್ಷನ್ನು ಚಿಮಿಣಿ ಎಣ್ಣೆಯಲ್ಲಿ ಅದ್ದಿ ಉಜ್ಜಿ, ಬಟ್ಟೆಯಿಂದ ಒರಸಿ, ಒಣಗಿದ ಬಳಿಕ 90 ನಂಬರಿನ ಗೇರ್ ಎಣ್ಣೆಯನ್ನು ಕೆಳಗಿನ ಸಾಲಿನ ಒಳಮೈಗೆ ಹನಿಹನಿಯಾಗಿ ಬಿಡಬೇಕು. ಚಕ್ರ ತಿರುಗುವಾಗ ಎಣ್ಣೆ ತಾನಾಗಿಯೇ ಹೊರಕ್ಕೆ ಹರಡುತ್ತದೆ. ತೆಂಗಿನೆಣ್ಣೆ ಹಾಕುವವರಿದ್ದಾರೆ. ಅದು ತಲೆಗೆ ಒಳ್ಳೆಯದು. ಚೈನಿನ ಮೇಲೆ ನಮ್ಮ ಮಳೆಗೆ ನಿಲ್ಲದು. ಈ ಕೆಲಸವನ್ನು ಎಂಜಿನು ಓಡುತ್ತಿರುವಾಗ ಎಂದಿಗೂ ಮಾಡಕೂಡದು. ಬಟ್ಟೆಯೊಡನೆ ಬೆರಳೂ ಹಲ್ಲುಚಕ್ರಕ್ಕೆ ಸಿಕ್ಕಿದರೆ ಮತ್ತೆ ಬೆರಳು ಬೆರಳಾಗಿ ಉಳಿಯುವುದಿಲ್ಲ. ಗೇರನ್ನು ನ್ಯೂಟ್ರಲಿನಲ್ಲಿಟ್ಟು ಚಕ್ರವನ್ನು ಕೈಯಿಂದ ತಿರುಗಿಸಬೇಕು.

ಚೈನು ಎಷ್ಟು ಸಡಿಲವಿರಬೇಕು ಎಂಬುದರಲ್ಲಿ ಒಂದು ರೇಖಾಗಣಿತವಿದೆ. ಹಿಂದಿನ ಚಕ್ರವನ್ನು ಹಿಡಿದ ಕವಲುತೋಳು ಒಂದು ಕೀಲಿನ ಸುತ್ತ ಮೇಲೆ ಕೆಳಗೆ ಆಡುತ್ತದೆ. ಎಂಜಿನಿನ ಹಲ್ಲುಚಕ್ರದ ಕೇಂದ್ರ ಆ ಕೀಲಿಗಿಂತ ಸ್ವಲ್ಪ ಮುಂದಿದೆ. ಹಲ್ಲುಚಕ್ರದ ಕೇಂದ್ರ, ಕೀಲು, ಹಿಂದಿನ ಅಚ್ಚು, ಈ ಮೂರನ್ನು ಒಂದು ತ್ರಿಭುಜದ ಮೂರು ಶೃಂಗಗಳೆಂದು ಎಣಿಸಿರಿ. ತ್ರಿಭುಜದ ಎರಡು ಬಾಹುಗಳ ಮೊತ್ತವು ಮೂರನೆಯದಕ್ಕಿಂತ ಹೆಚ್ಚು ಎಂದು ನೀವು ಕಲಿತಿದ್ದೀರಿ. ಮೂರು ಬಿಂದುಗಳೂ ಒಂದೇ ಸರಳರೇಖೆಗೆ ಬಂದಾಗ ಮಾತ್ರ ಮೂರನೆಯದು ಆ ಮೊತ್ತಕ್ಕೆ ಸಮವಾಗುತ್ತದೆ. ಎಂದರೆ ಚೈನು ಅತ್ಯಂತ ಬಿಗಿಯಾಗುವುದು ಆಗಲೇ. ವಾಹನ ಖಾಲಿ ನಿಂತಾಗ ಅಚ್ಚು ಆ ರೇಖೆಗಿಂತ ಕೆಳಗಿರುತ್ತದೆ. ತಂದೆ ಮುಂದೆ, ಅಡಿಕೆ ಗೋಣಿ ಹಿಂದೆ ಏರಿದಾಗ ತೋಳು ಮೇಲೆ ಸರಿದು ರೇಖೆಯ ಹತ್ತಿರ ಬರುತ್ತದೆ. ಖಾಲಿ ವಾಹನದಲ್ಲಿ ಚೈನನ್ನು ವೀಣೆಯ ತಂತಿಯಂತೆ ಬಿಗಿದವನು ಭಾರ ಹೇರಿದಾಗ ಅದನ್ನು ಹರಿಯಲು ಸಿದ್ಧಪಡಿಸಿದಂತೆಯೇ. ಸಾಮಾನ್ಯ ವಾಹನಗಳಲ್ಲಿ ನಡುಭಾಗವನ್ನು ಬೆರಳಿನಿಂದ ಎತ್ತಿ ಇಳಿಸಿದರೆ 20ರಿಂದ 30 ಮಿಲಿಮೀಟರಿನಷ್ಟು ಆಡಬೇಕು. ಚಕ್ರವನ್ನು ತಿರುಗಿಸುತ್ತ ನಾಲ್ಕು ಕಡೆಗಳಲ್ಲಿ ಅಳೆದು, ಅತಿ ಬಿಗಿಯಾದ ಜಾಗದ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟೆಲ್ಲ ತಿಳಿದಿದ್ದ ನಾವೇ ಒಮ್ಮೆ ಬಿದ್ದೆವು. ಆ ಕಥೆಯನ್ನು ಮುಚ್ಚಿಡುವುದು ಸರಿಯಲ್ಲ. ಒಂದು ಭಾನುವಾರ ಅಂಗಳದಲ್ಲಿ ಕುಳಿತು ಅಚ್ಚಿನ ನಟ್ಟು ಸಡಿಲಿಸಿ, ಎರಡೂ ಪಕ್ಕದ ಗೆರೆಗಳನ್ನು ಸಮ ಮಾಡಿ, ಚೈನನ್ನು ಪುಸ್ತಕದಲ್ಲಿ ಹೇಳಿದಂತೆ ಸರಿಪಡಿಸಿ, ಬಹು ಹೆಮ್ಮೆಯಿಂದ ಕೈ ತೊಳೆದೆವು. ಸೋಮವಾರ ಮಗನನ್ನು ಹಿಂದೆ ಕೂರಿಸಿಕೊಂಡು ಚೆರ್ಕಳದ ಕಡೆಗೆ ಹೊರಟಾಗ ವಾಹನವೇಕೋ ಕಟ್ಟಿಹಾಕಿದಂತೆ ಎಳೆಯುತ್ತಿತ್ತು, ಮಳೆಯ ಭಾರವೆಂದುಕೊಂಡೆವು. ಒಂದು ತಿರುವಿನಲ್ಲಿ ಎದುರಿಗೆ ದನ ಬಂದಿತು. ಬ್ರೇಕಿನ ಮೇಲೆ ಕಾಲಿಟ್ಟದ್ದೇ ತಡ, ಹಿಂದಿನ ಚಕ್ರ ಕಚ್ಚಿ ನಿಂತು ವಾಹನ ಅಡ್ಡಡ್ಡ ಜಾರಿತು. ಮಗನ ಮೊಣಕೈ ತರಚಿತು, ನಮ್ಮ ಮೊಣಕಾಲು. ಹಿಂದಿನಿಂದ ಬಸ್ಸು ಬರುತ್ತಿರಲಿಲ್ಲ ಎಂಬುದೊಂದೇ ಕಾರಣದಿಂದ ಈ ಲೇಖನವನ್ನು ಬರೆಯಲು ನಾವು ಉಳಿದಿದ್ದೇವೆ.

ನೂಕಿಕೊಂಡು ಹೋದ ಗ್ಯಾರೇಜಿನಲ್ಲಿ ಮೆಕ್ಯಾನಿಕರು ಹಿಂದಿನ ಚಕ್ರದ ನಡುವಣ ಡ್ರಮ್ಮನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡರು, ಅಷ್ಟು ಬಿಸಿ. "ಮಾಷೇ, ಚೈನು ಬಿಗಿ ಮಾಡಿದ್ದು ಯಾರು?" ಎಂದು ಮಲಯಾಳದಲ್ಲಿ ಕೇಳಿದರು. ನಾವೇ ಎಂದೆವು. "ಬ್ರೇಕು ಸಡಿಲ ಮಾಡಿದ್ದು ಯಾರು?" ನಾವು ಸುಮ್ಮನಾದೆವು. ಚೈನನ್ನು ಬಿಗಿ ಮಾಡುವುದೆಂದರೆ ಚಕ್ರವನ್ನು ಹಿಂದಕ್ಕೆ ಸರಿಸುವುದು. ಚಕ್ರ ಹಿಂದಕ್ಕೆ ಸರಿದರೆ ಬ್ರೇಕಿನ ಸರಳು ಎಳೆಯಲ್ಪಡುತ್ತದೆ. ಸರಳು ಎಳೆದರೆ ಪೆಡಲಿಗೆ ಇರಬೇಕಾದ ಸಡಿಲು ಇಲ್ಲವಾಗಿ ಬ್ರೇಕಿನ ಲಾಳಗಳು ಸದಾ ಉಜ್ಜುತ್ತಿರುತ್ತವೆ. ಪೆಡಲು ಸುಮಾರು 20ರಿಂದ 30 ಮಿಲಿಮೀಟರ್ ಇಳಿದ ಬಳಿಕ ಬ್ರೇಕು ಹಿಡಿಯಬೇಕು. ಹಿಂದಿನ ಕೆಂಪು ದೀಪ ಕಾಲಿಡದೆಯೇ ಉರಿಯುತ್ತಿದ್ದುದನ್ನು ಮಗನಾದರೂ ಮನೆಯಿಂದ ಹೊರಡುವಾಗ ನೋಡಿದ್ದನಂತೆ. ತಂದೆ ಸರಿಪಡಿಸಿದ ವಾಹನವೆಂದು ಹೇಳಲಿಲ್ಲವಂತೆ. ಆ ದಿನದಿಂದ ನಮ್ಮ ಮನೆಯಲ್ಲಿ ನಾವು ಮಾಡಿದ ಪ್ರತಿಯೊಂದು ಕೆಲಸವನ್ನೂ ಮಗನು ಕೈಪಿಡಿ ಹಿಡಿದು ಪರೀಕ್ಷಿಸುತ್ತಾನೆ. ಅಂಕ ಕೊಡುವುದರಲ್ಲಿ ಅವನು ಬಹಳ ಜಿಪುಣ.

ಡಿಸ್ಕ್ ಬ್ರೇಕು ಇರುವ ವಾಹನಗಳಲ್ಲಿ ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುತ್ತದೆ. ಸಮುದ್ರ ಸಮೀಪದ ನಮ್ಮ ಜಿಲ್ಲೆಯಲ್ಲಿ ತೇವಕ್ಕೆ ಬರವಿಲ್ಲ. ನೀರು ಸೇರಿದ ದ್ರವ ಬಿಸಿಯಾದಾಗ ಕುದಿದು ಗುಳ್ಳೆಯಾಗುತ್ತದೆ, ಗುಳ್ಳೆಯನ್ನು ಒತ್ತಿದರೆ ಅದು ಕುಗ್ಗುವುದೇ ಹೊರತು ಬ್ರೇಕು ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ರೂಢಿ. ಇದು ಮನೆಯ ಕೆಲಸವಲ್ಲ, ಷೋರೂಮಿನದು.

ಟಯರಿನ ಗಾಳಿಯನ್ನು ವಾರಕ್ಕೊಮ್ಮೆ, ವಾಹನ ಓಡದೆ ತಣ್ಣಗಿರುವಾಗ, ಕೈಪಿಡಿಯಲ್ಲಿರುವ ಅಂಕೆಯಷ್ಟೇ ತುಂಬಿಸಬೇಕು. ರಸ್ತೆಗೂ ನಮಗೂ ಇರುವ ಸಂಬಂಧ ಒಂದೊಂದು ಟಯರಿಗೆ ಅಂಗೈಯಗಲ ರಬ್ಬರು ಮಾತ್ರ. ಗೀರುಗಳ ನಡುವೆ ಸವೆತವನ್ನು ತೋರಿಸುವ ಚಿಕ್ಕ ದಿಣ್ಣೆಗಳಿರುತ್ತವೆ. ರಬ್ಬರು ಅವುಗಳ ಮಟ್ಟಕ್ಕೆ ಸವೆದರೆ ಜೂನ್ ತಿಂಗಳಿಗೆ ಮೊದಲು ಟಯರನ್ನು ಬದಲಿಸಲೇಬೇಕು.

ನಮ್ಮ ಅಡಿಕೆ ಬೆಳೆಗಾರರಿಗೆ ಮಾತ್ರ ಸಂಬಂಧಿಸಿದ ಒಂದು ಸಂಗತಿಯಿದೆ, ಇದು ಯಾವ ಕಂಪನಿಯ ಕೈಪಿಡಿಯಲ್ಲಿಯೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ಕಾಲದಲ್ಲಿ ಮೈಲುತುತ್ತಿನ ಚೀಲವನ್ನು ಮೋಟಾರು ಸೈಕಲ್ಲಿನ ಮೇಲೆಯೇ ತರುತ್ತೇವೆ. ಮೈಲುತುತ್ತಿನ ನೀರಿನಲ್ಲಿ ಕಬ್ಬಿಣದ ಮೊಳೆಯನ್ನಿಟ್ಟರೆ ಅದರ ಮೇಲೆ ತಾಮ್ರದ ಕೆಂಪು ಲೇಪ ಕಟ್ಟುವ ಪ್ರಯೋಗವನ್ನು ವಿಜ್ಞಾನದ ತರಗತಿಯಲ್ಲಿ ನೋಡಿದ್ದೀರಿ. ಕಬ್ಬಿಣ ಕರಗಿ ತಾಮ್ರ ಹೊರಬೀಳುವ ಆ ಕ್ರಿಯೆಯೇ ಮಳೆಯಲ್ಲಿ ನೆನೆದ ಚೀಲದ ಕೆಳಗೆ, ವಾಹನದ ಚೌಕಟ್ಟಿನ ಮೇಲೆ, ಸದ್ದಿಲ್ಲದೆ ನಡೆಯುತ್ತದೆ. ಅಲ್ಯುಮಿನಿಯಮಿಗೂ ಅದೇ ಗತಿ. ಅಂದಿನ ಸಂಜೆಯೇ ಧಾರಾಳ ನೀರಿನಿಂದ ತೊಳೆದು ಒಣಗಿಸಬೇಕು. ತೊಳೆಯುವಾಗ ಪಂಪಿನ ರಭಸದ ನೀರನ್ನು ಚಕ್ರದ ನಡುವಿಗೂ ವಿದ್ಯುತ್ ತಂತಿಗಳ ಗಂಟುಗಳಿಗೂ ಹಿಡಿಯದಿರಿ. ತೋಟಕ್ಕೆ ಹಿತವಾದ ಜೆಟ್ಟು ಬೇರಿಂಗಿನೊಳಗಿನ ಗ್ರೀಸಿಗೆ ಹಿತವಲ್ಲ.

ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡುವುದು ಒಂದು ಕಾಲದಲ್ಲಿ ನಾಡಿ ಹಿಡಿದು ನೋಡಿದಂತೆ. ತುದಿ ಕಂದಾಗಿದ್ದರೆ ಆರೋಗ್ಯ. ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು ಅಥವಾ ಗಾಳಿ ಕಡಮೆ. ಬೂದಿಯಂತೆ ಬಿಳುಚಿದ್ದರೆ ಅತಿ ಉಷ್ಣ. 2020ರ ಏಪ್ರಿಲ್ 1ರಿಂದ ಬಿ.ಎಸ್.-6 ನಿಯಮ ಜಾರಿಗೆ ಬಂದ ಬಳಿಕ ಕಾರ್ಬ್ಯುರೇಟರಿನ ಸ್ಥಾನವನ್ನು ಹೆಚ್ಚಾಗಿ ಗಣಕದ ಹತೋಟಿಯ ಇಂಧನ ಸಿಂಚನವು ಆಕ್ರಮಿಸಿತು. ಈಗ ತಿರುಪು ತಿರುಗಿಸಿ ಮೈಲೇಜು ಹೆಚ್ಚಿಸುತ್ತೇನೆನ್ನುವ ಪಂಡಿತರನ್ನು ದೂರವಿಡುವುದು ಲೇಸು. ಗಾಳಿ ಸೋಸುವ ಫಿಲ್ಟರಿನ ವಿಷಯದಲ್ಲಿ ಒಂದೇ ಎಚ್ಚರಿಕೆ: ಎಣ್ಣೆ ಲೇಪಿಸಿದ ಕಾಗದದ ಫಿಲ್ಟರನ್ನು ಊದಿ, ಕೊಡವಿ ಶುಚಿ ಮಾಡಕೂಡದು, ಅವಧಿ ಮುಗಿದಾಗ ಬದಲಿಸಬೇಕು. ಟ್ಯಾಪೆಟ್ಟಿನ ಸಂದನ್ನು ಮಿಲಿಮೀಟರಿನ ನೂರನೆಯ ಅಂಶಗಳಲ್ಲಿ ಅಳೆಯುವುದರಿಂದ ಅದಕ್ಕೆ ತರಬೇತಾದ ಕೈಯೇ ಬೇಕು.

ಷೋರೂಮಿಗೆ ಹೋದಾಗ ನಮ್ಮ ಜನರು ಸಾಮಾನ್ಯವಾಗಿ "ಒಂದು ಸರ್ವಿಸ್ ಮಾಡಿ" ಎಂದು ಕೀಲಿ ಕೊಟ್ಟು ಪೇಟೆಗೆ ಹೋಗಿಬಿಡುತ್ತಾರೆ. ವೈದ್ಯರ ಬಳಿ ಹೋಗಿ "ಒಂದು ಮದ್ದು ಕೊಡಿ" ಎಂದಂತಾಯಿತು. ತಣ್ಣಗಿರುವಾಗ ಮೂರನೆಯ ಗೇರು ಬೀಳುವುದಿಲ್ಲ, ಬ್ರೇಕು ಹಿಡಿದರೆ ಎಡಕ್ಕೆ ಎಳೆಯುತ್ತದೆ, ಎಂದು ಲಕ್ಷಣಗಳನ್ನು ಹೇಳಿ ಜಾಬ್ ಕಾರ್ಡಿನಲ್ಲಿ ಬರೆಸಬೇಕು. ಬರೆದುದನ್ನು ಓದಿದ ಬಳಿಕವೇ ರುಜು ಹಾಕಬೇಕು. ಉಚಿತ ಸರ್ವಿಸು ಎಂದರೆ ಸಾಮಾನ್ಯವಾಗಿ ಕೂಲಿ ಮಾತ್ರ ಉಚಿತ. ಎಣ್ಣೆಗೂ ಬಿಡಿಭಾಗಗಳಿಗೂ ಹಣ ಕೊಡಲೇಬೇಕು. ಇದು ತಿಳಿಯದೆ ಜಗಳವಾಡುವವರನ್ನು ನೋಡಿದ್ದೇವೆ. ಆ ಉಚಿತ ಸರ್ವಿಸುಗಳನ್ನು ಅವಧಿಯೊಳಗೆ ಮಾಡಿಸದಿದ್ದರೆ ವಾರಂಟಿಗೇ ಸಂಚಕಾರ ಬರಬಹುದು. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ನೋಡಬೇಕು. ಒಮ್ಮೆ ಒಂದು ಕಡೆ ಬಿಲ್ಲಿನಲ್ಲಿ ಚೈನು ಶುಚಿಗೆ ಹಣ ಹಾಕಿದ್ದರು. ಚೈನಿನ ಮೇಲೆ ನಮ್ಮದೇ ಗುಡ್ಡದ ಕೆಂಪು ಮಣ್ಣು ಹಾಗೆಯೇ ಇತ್ತು. ತೋರಿಸಿದಾಗ ಕ್ಷಮೆ ಕೇಳಿ ಶುಚಿ ಮಾಡಿಕೊಟ್ಟರು. ತೋರಿಸದಿದ್ದರೆ?

ಕೈಪಿಡಿ ಇಂಗ್ಲಿಷಿನಲ್ಲಿದೆ, ಷೋರೂಮಿನ ಮಾತು ಮಲಯಾಳದಲ್ಲಿದೆ, ನಾವು ಕನ್ನಡದವರು ಏನು ಕೇಳುವುದು ಎಂದು ಕೆಲವು ಪಾಲಕರು ಸಂಕೋಚಪಡುತ್ತಾರೆ. 1956ರಿಂದ ಈಚೆಗೆ ಈ ಸಂಕೋಚ ನಮ್ಮ ಮನೆಗಳಲ್ಲಿ ಕಚೇರಿಯ ಕಾಗದಕ್ಕೆ ಮಾತ್ರವಲ್ಲ, ಇಂಥ ವಿಷಯಗಳಿಗೂ ಅಂಟಿಕೊಂಡಿದೆ. ಮನೆಯಲ್ಲಿ ಮೂರು ಭಾಷೆ ಓದಬಲ್ಲ ಮಗುವಿದೆಯಲ್ಲ! ಹತ್ತನೆಯ ತರಗತಿಯವರಿಗೆ ನಾವೊಂದು ಕೆಲಸ ಕೊಟ್ಟೆವು: ತಂತಮ್ಮ ಮನೆಯ ವಾಹನದ ಕೈಪಿಡಿಯಿಂದ ಎಣ್ಣೆಯ ಜಾತಿ, ಅಳತೆ, ಟಯರಿನ ಗಾಳಿ, ಚೈನಿನ ಸಡಿಲು, ಸರ್ವಿಸಿನ ಅಂತರ, ಇವಿಷ್ಟನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ, ತಾರೀಕು ಮತ್ತು ಕಿಲೋಮೀಟರ್ ಬರೆಯಲು ಅಂಕಣ ಬಿಟ್ಟು, ಅಂಗಳದ ಗೋಡೆಗೆ ಅಂಟಿಸುವುದು. ಟಯರಿನ ಗಾಳಿ ಇಷ್ಟು ವರ್ಷ ತಪ್ಪಾಗಿತ್ತೆಂದು ಆ ಹಾಳೆಯಿಂದ ತಿಳಿದವರು ಒಬ್ಬಿಬ್ಬರಲ್ಲ. "ಮಗಳು ಬರೆದದ್ದನ್ನು ಷೋರೂಮಿಗೇ ತೆಗೆದುಕೊಂಡು ಹೋದೆ ಮಾಸ್ಟ್ರೇ, ಅವರೂ ನೋಡಿದರು" ಎಂದು ಒಬ್ಬರು ಹೇಳಿದರು.

ಇಳಿಸಿದ ಹಳೆಯ ಎಣ್ಣೆಯ ಮಾತು ಉಳಿಯಿತು. ಅದನ್ನು ತೋಟದ ಬದಿಗೆ ಚೆಲ್ಲುವುದು, ಗೆದ್ದಲಿಗೆಂದು ಹಟ್ಟಿಯ ಕಂಬಕ್ಕೆ ಬಳಿಯುವುದು ಹಲವು ಮನೆಗಳ ಪದ್ಧತಿ. ಅದರಲ್ಲಿ ಲೋಹದ ಪುಡಿಯೂ ಉರಿದ ಪೆಟ್ರೋಲಿನ ವಿಷಾಂಶಗಳೂ ಇರುತ್ತವೆ; 2016ರ ಸರಕಾರಿ ನಿಯಮಗಳು ಅದನ್ನು ಅಪಾಯಕಾರಿ ತ್ಯಾಜ್ಯಗಳ ಸಾಲಿನಲ್ಲಿರಿಸಿವೆ. ನಮ್ಮ ಮುರಕಲ್ಲು ರಂಧ್ರಮಯ. ಮೇಲೆ ಚೆಲ್ಲಿದುದು ಮಳೆಯೊಡನೆ ಇಳಿಯುವುದು ನಮ್ಮ ಬಾವಿಗೂ ಸುರಂಗಕ್ಕೂ. ಹೊಸ ಎಣ್ಣೆಯ ಖಾಲಿ ಡಬ್ಬಿಯಲ್ಲಿಯೇ ಹಳೆಯದನ್ನು ತುಂಬಿಸಿ, ಮುಚ್ಚಳ ಬಿಗಿದು, ಪೇಟೆಗೆ ಹೋದಾಗ ಹಳೆ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೋ ಷೋರೂಮಿಗೋ ಕೊಟ್ಟು ಬರಬೇಕು.